ಟೈಪು, ಕ್ಲಾಸು ಮತ್ತು ‘ಉಳಿದವರು’

(ಬಾನುಲಿ ಭಾಷಣ)

ಕೆಲವು ವಾರಗಳ ಹಿಂದೆ ಒಂದು ಸಂಜೆ ಹಲಸೂರಿನ ನಮ್ಮ ಮನೆಯಿಂದ ಕೃಷ್ಣರಾಜಪುರಕ್ಕೆ ಹೋಗಬೇಕಾಗಿ ಬಂತು. ಜೊತೆಗೆ ನನ್ನ ಮೊಮ್ಮಗಳಿದ್ದಳು. ಹಿಂದೆಲ್ಲ ಇಂಥ ಪ್ರಯಾಣವೆಂದರೆ ಸೋಮೇಶ್ವರ ದೇವಾಲಯದ ಹತ್ತಿರದ ತಿರುವಿನಲ್ಲಿ ನಿಂತು, ಬಂದ ಆಟೋಗಳಿಗೆಲ್ಲ ಕೈಯೊಡ್ಡಿ, ನಾಲ್ಕಾರು ಚಾಲಕರಿಂದ ‘ಆ ಕಡೆ ಬರೋದಿಲ್ಲ’ ಎನ್ನಿಸಿಕೊಂಡು, ಕಡೆಗೆ ಯಾರೋ ಒಬ್ಬ ಪುಣ್ಯಾತ್ಮನ ಕೃಪೆಗೆ ಪಾತ್ರರಾಗುವುದು ಎಂದರ್ಥ. ಈಗ ಹಾಗಿಲ್ಲ. ಹುಡುಗಿ ತನ್ನ ಫೋನನ್ನು ಎರಡು ಸಲ ತಟ್ಟಿದಳು. ಐದು ನಿಮಿಷದಲ್ಲಿ ಆಟೋ ಬಾಗಿಲಿಗೆ ಬಂತು. ನಾನು ಮೆಚ್ಚಿ ತಲೆದೂಗಿದೆ. ಅವಳು ನಕ್ಕು, “ತಾತ, ಈ ಆಟೋನ ನಮ್ಮನೆ ಬಾಗಿಲಿಗೆ ಕರಕೊಂಡು ಬಂದದ್ದು ಹ್ಯಾಸ್ಕೆಲ್, ಗೊತ್ತಾ?” ಎಂದಳು.

ಅವಳು ಹೇಳಿದ್ದು ನಿಜ. ‘ನಮ್ಮ ಯಾತ್ರಿ’ ಎಂಬ ಈ ವ್ಯವಸ್ಥೆ ಬೆಂಗಳೂರಿನಲ್ಲಿ ಆರಂಭವಾದದ್ದು 2022ರ ನವೆಂಬರಿನಲ್ಲಿ. ಜಸ್‌ಪೇ ಎಂಬ ಸಂಸ್ಥೆ ಇಲ್ಲಿನ ಆಟೋ ಚಾಲಕರ ಸಂಘದೊಡನೆ ಕೂಡಿ ಅದನ್ನು ರೂಪಿಸಿತು. ಅದರ ಪ್ರೋಗ್ರಾಮಿನ ಮೂಲಪಾಠವನ್ನು ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದ್ದಾರೆ. ಫೋನಿನ ಮೇಲೆ ಕಾಣುವ ಭಾಗ ಬೇರೆ. ತೆರೆಯ ಹಿಂದೆ ಕುಳಿತು ಪ್ರಯಾಣಿಕನನ್ನೂ ಚಾಲಕನನ್ನೂ ಒಂದುಗೂಡಿಸುವ ಭಾಗ ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿದೆ. ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರನ್ನು ಹೊತ್ತ ಈ ಭಾಷೆಯ ಮೊದಲ ನಿರೂಪಣೆ ಪ್ರಕಟವಾದದ್ದು 1990ರಲ್ಲಿ. ಗಣಿತದ ಫಲನಗಳಂತೆ, ಒಳಗೆ ಕೊಟ್ಟದ್ದನ್ನು ಕೆಡಿಸದೆ ಹೊಸದೊಂದು ಉತ್ತರವನ್ನು ಹೊರಗೆ ಕೊಡುವ ರೀತಿಯಲ್ಲಿಯೇ ಇಡೀ ಕಾರ್ಯವನ್ನು ಬರೆಯಬೇಕೆನ್ನುವ ಪಂಥಕ್ಕೆ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದು ಹೆಸರು. ಹ್ಯಾಸ್ಕೆಲ್ ಆ ಪಂಥದ ನಿಷ್ಠಾವಂತ ಭಾಷೆ.

ಹುಡುಗಿ ಈಚೆಗೆ ಎಂಜಿನಿಯರಿಂಗ್ ಮುಗಿಸಿ ಇಂದಿರಾನಗರದ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹಳೆಯ ಮದರಾಸು ರಸ್ತೆಯಲ್ಲಿ ನಮ್ಮ ಆಟೋ ಇಂಚಿಂಚಾಗಿ ಸಾಗುತ್ತಿದ್ದಾಗ ಅವಳು ಕೇಳಿದಳು: “ಕಾಲೇಜಿನಲ್ಲಿ ನಮಗೆ ಜಾವಾ ಕಲಿಸಿದರು ತಾತ. ಅಲ್ಲಿ ಎಲ್ಲಾ ಕ್ಲಾಸು, ಇಂಟರ್‌ಫೇಸು. ಇಲ್ಲಿ ಆಫೀಸಿನಲ್ಲಿ ಎಲ್ಲದಕ್ಕೂ ಟೈಪು ಅಂತಾರೆ. ಟೈಪು ಅಂದರೆ ಕ್ಲಾಸೇ ತಾನೆ? ಹೆಸರು ಮಾತ್ರ ಬೇರೆ ಅಲ್ವಾ?”

ಮೂವತ್ತು ವರ್ಷ ಪ್ರೋಗ್ರಾಮ್ ಬರೆದು ಬದುಕಿದವನು ನಾನು. ಆದರೂ ಈ ಪ್ರಶ್ನೆಗೆ ಒಂದು ಮಾತಿನ ಉತ್ತರ ನನಗೆ ತೋಚಲಿಲ್ಲ. ಅವಳಿಗೆ ದಾರಿಯುದ್ದಕ್ಕೂ ಹೇಳಿದ್ದನ್ನೇ ಕೊಂಚ ಅಚ್ಚುಕಟ್ಟು ಮಾಡಿ ಈ ದಿನ ನಿಮ್ಮ ಮುಂದಿಡುತ್ತಿದ್ದೇನೆ. ಈ ಪ್ರಶ್ನೆಗೂ ನನ್ನ ಕೈಯಿಂದ ಆದ ಒಂದು ತಪ್ಪಿಗೂ ಸಂಬಂಧವಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ಕ್ಲಾಸಿನ ವಂಶವೃತ್ತಾಂತ. 1960ರ ದಶಕದಲ್ಲಿ ನಾರ್ವೆಯ ಓಸ್ಲೋ ನಗರದಲ್ಲಿ ಓಲೆ ಯೊಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಎಂಬಿಬ್ಬರು ಲೋಕದ ವ್ಯವಹಾರಗಳನ್ನು ಕಂಪ್ಯೂಟರಿನಲ್ಲಿ ಅಣಕು ಮಾಡಿ ನೋಡುವುದಕ್ಕೆಂದು ಸಿಮುಲಾ ಎಂಬ ಭಾಷೆಯನ್ನು ಕಟ್ಟಿದರು. ಅದರ 1967ರ ರೂಪದಲ್ಲಿ ಕ್ಲಾಸ್ ಎಂಬುದು ಬಂತು. ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸು ಗುಣಗಳನ್ನು ಪಿತ್ರಾರ್ಜಿತವಾಗಿ ಪಡೆಯುವ ಏರ್ಪಾಡೂ ಬಂತು. ಮುಂದಿನ ದಶಕದಲ್ಲಿ ಅಮೆರಿಕದ ಅಲನ್ ಕೇ ಮತ್ತು ಸಂಗಡಿಗರು ಸ್ಮಾಲ್‌ಟಾಕ್ ಎಂಬ ಭಾಷೆಯಲ್ಲಿ ಈ ವಿಚಾರವನ್ನು ಬೆಳೆಸಿದರು. ಪ್ರೋಗ್ರಾಮಿನೊಳಗೆ ಇರುವುದೆಲ್ಲ ಒಂದೊಂದು ವಸ್ತು. ತನ್ನ ಸಂಗತಿಗಳನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಹೊರಗಿನವರು ಅದರ ಹೊಟ್ಟೆಗೆ ಕೈಹಾಕದೆ, ಮಾತು ಕಳುಹಿಸಿ ಕೆಲಸ ಮಾಡಿಸಿಕೊಳ್ಳಬೇಕು. ಇದು ಆಬ್ಜೆಕ್ಟ್ ಪಂಥದ ಸಾರ.

ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ನಮ್ಮ ತಂದೆಯವರಿಂದ ಕಲಿತಿದ್ದೆ ಎಂದು ಈಗ ಅನ್ನಿಸುತ್ತದೆ. ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ಅವರು ಕೆಲಸಕ್ಕಿದ್ದರು. ಕಪ್ಪು ಬಣ್ಣದ, ತೂಕದ, ಬೆರಳಿಟ್ಟು ತಿರುಗಿಸುವ ಟೆಲಿಫೋನನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ಐದರ ತೂತಿಗೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ, ಮುಖಫಲಕ ಹಿಂದಕ್ಕೆ ಮರಳುವಾಗ ತಂತಿಯಲ್ಲಿ ಹರಿಯುವ ವಿದ್ಯುತ್ತು ಐದು ಸಲ ಕಡಿದು ಕೂಡುತ್ತದೆ. ಸೊನ್ನೆಯಾದರೆ ಹತ್ತು ಸಲ. ಎಕ್ಸ್‌ಚೇಂಜಿನಲ್ಲಿದ್ದ ಯಂತ್ರ ಆ ಕಡಿತಗಳನ್ನು ಎಣಿಸಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. “ನೋಡು, ಎಕ್ಸ್‌ಚೇಂಜಿಗೆ ನಿನ್ನ ಫೋನು ಕಪ್ಪೋ ಕೆಂಪೋ ಬೇಕಾಗಿಲ್ಲ. ಲೆಕ್ಕ ಸರಿಯಾಗಿ ಬಂದರೆ ಸಾಕು” ಎನ್ನುತ್ತಿದ್ದರು ನಮ್ಮ ತಂದೆ.

ಇಂಟರ್‌ಫೇಸ್ ಎಂದರೆ ಇದೇ. ‘ನೀನು ಯಾರು?’ ಎಂದು ಅದು ಕೇಳುವುದಿಲ್ಲ, ‘ನಿನ್ನಿಂದ ಏನಾಗುತ್ತದೆ?’ ಎಂದು ಕೇಳುತ್ತದೆ. ಕ್ಲಾಸು ಎಂಬುದು ಆ ಕೆಲಸವನ್ನು ಮಾಡಿತೋರಿಸುವ ಒಂದು ಬಗೆಯ ಉಪಕರಣದ ನಕ್ಷೆ. ಅದೇ ನಕ್ಷೆಯ ಪ್ರಕಾರ ತಯಾರಾಗಿ ನಿಮ್ಮ ಮೇಜಿನ ಮೇಲೆ ಕುಳಿತಿರುವ ಒಂದೊಂದು ಫೋನೂ ಒಂದೊಂದು ಆಬ್ಜೆಕ್ಟು. 1985ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಸಂಸ್ಥೆ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಗೆ ಬಂದಾಗ ಅದರ ಉಪಗ್ರಹದ ತಟ್ಟೆಯನ್ನು ಎತ್ತಿನ ಗಾಡಿಯ ಮೇಲೆ ಸಾಗಿಸಿದ ಸಂಗತಿಯನ್ನು ಊರು ಇನ್ನೂ ನೆನೆಯುತ್ತದೆ. ಗಾಡಿಗೆ ತನ್ನ ಮೇಲಿರುವುದು ರಾಗಿಯ ಮೂಟೆಯೋ ಆಕಾಶದೊಡನೆ ಮಾತಾಡುವ ತಟ್ಟೆಯೋ ಎಂಬ ವಿಚಾರವಿಲ್ಲ, ಹೇರಬಲ್ಲದ್ದಾಗಿದ್ದರೆ ಆಯಿತು.

ಇನ್ನು ಟೈಪಿನ ಮನೆತನ. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ರಾಬಿನ್ ಮಿಲ್ನರ್ ಎಂಬ ವಿದ್ವಾಂಸರು ಗಣಿತದ ಸಾಧನೆಗಳನ್ನು ಯಂತ್ರದಿಂದ ಪರೀಕ್ಷಿಸುವ ಕೆಲಸದಲ್ಲಿ ತೊಡಗಿದ್ದರು. ಆ ಕೆಲಸಕ್ಕೆ ಉಪಕರಣವಾಗಿ ಎಂಎಲ್ ಎಂಬ ಭಾಷೆ ಹುಟ್ಟಿತು. ಪ್ರೋಗ್ರಾಮು ಓಡುವುದಕ್ಕೆ ಮೊದಲೇ, ಅದರಲ್ಲಿನ ಪ್ರತಿಯೊಂದು ಪದವೂ ಯಾವ ಬಗೆಯದು ಎಂಬುದನ್ನು ಯಂತ್ರವೇ ತರ್ಕಿಸಿ ಕಂಡುಕೊಳ್ಳುವ ವಿಧಾನವನ್ನು ಅವರು 1978ರ ಒಂದು ಪ್ರಬಂಧದಲ್ಲಿ ವಿವರಿಸಿದರು. ಎರಡು ವರ್ಷಗಳ ತರುವಾಯ ಅದೇ ಊರಿನಲ್ಲಿ ಹೋಪ್ ಎಂಬ ಇನ್ನೊಂದು ಭಾಷೆ ಬಂತು. ನಾವು ಈ ದಿನ ಬೀಜಗಣಿತೀಯ ಟೈಪು ಎನ್ನಬಹುದಾದ ರಚನೆ ಅಲ್ಲಿಂದ ಪ್ರಸಿದ್ಧಿಗೆ ಬಂದು ಹ್ಯಾಸ್ಕೆಲ್‌ವರೆಗೂ ಹರಿಯಿತು.

ಬೀಜಗಣಿತವೆಂದೊಡನೆ ಗಾಬರಿಯಾಗಬೇಕಾಗಿಲ್ಲ. ಇಲ್ಲಿರುವುದು ‘ಮತ್ತು’, ‘ಅಥವಾ’ ಎಂಬ ಎರಡು ಮಾತುಗಳು ಮಾತ್ರ. ವಾಹನ ಮೂರು ಬಗೆಯದೆನ್ನಿ: ಆಟೋ, ಸಣ್ಣ ಕಾರು, ದೊಡ್ಡ ಕಾರು. ದರ ಎರಡು ಬಗೆಯದೆನ್ನಿ: ಹಗಲಿನದು ಮತ್ತು ರಾತ್ರಿಯದು. ನಮ್ಮ ಊರಿನ ಆಟೋಗಳಿಗೆ ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು ದರವಿರುವುದು ನಿಮಗೆ ತಿಳಿದದ್ದೇ. ‘ವಾಹನ ಮತ್ತು ದರ’ ಎಂದರೆ ಮೂರು ಗುಣಿಸು ಎರಡು, ಆರು ಸಾಧ್ಯತೆಗಳು. ‘ವಾಹನ ಅಥವಾ ದರ’ ಎಂದರೆ ಮೂರು ಕೂಡು ಎರಡು, ಐದು ಸಾಧ್ಯತೆಗಳು. ಗುಣಿಸುವುದು, ಕೂಡುವುದು, ಇಷ್ಟೇ ಬೀಜಗಣಿತ.

ಇದರ ಪ್ರಯೋಜನವನ್ನು ನಾವು ಕುಳಿತಿದ್ದ ಆಟೋದಿಂದಲೇ ತಿಳಿಯಬಹುದು. ಈ ಉದಾಹರಣೆ ನನ್ನ ಕಲ್ಪನೆಯದು, ನಿಜವಾದ ಪ್ರೋಗ್ರಾಮಿನಲ್ಲಿ ವಿವರಗಳು ಇನ್ನೂ ಹೆಚ್ಚು. ಒಂದು ಸವಾರಿ ನಾಲ್ಕು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ: ಕೋರಿದ್ದು, ಚಾಲಕ ಒಪ್ಪಿದ್ದು, ಮುಗಿದದ್ದು, ರದ್ದಾದದ್ದು. ‘ಒಪ್ಪಿದ್ದು’ ಎಂಬ ಸ್ಥಿತಿಯ ಸಂಗಡ ಚಾಲಕನ ಹೆಸರೂ ವಾಹನದ ಸಂಖ್ಯೆಯೂ ಇರುತ್ತವೆ. ‘ಮುಗಿದದ್ದು’ ಎಂಬುದರ ಸಂಗಡ ಕೊಡಬೇಕಾದ ಹಣ. ‘ರದ್ದಾದದ್ದು’ ಎಂಬುದರ ಸಂಗಡ ಕಾರಣ. ಇನ್ನೂ ಕೋರಿಕೆಯ ಸ್ಥಿತಿಯಲ್ಲಿರುವ ಸವಾರಿಯ ಚಾಲಕನ ಹೆಸರನ್ನು ಕೇಳುವ ಪ್ರೋಗ್ರಾಮನ್ನು ಬರೆದರೆ ಯಂತ್ರ ಒಪ್ಪುವುದಿಲ್ಲ. ಹುಟ್ಟದ ಮಗುವಿನ ಕುಲಾವಿಯ ಅಳತೆ ಕೇಳಿದಂತೆ ಅದು. ನಾಲ್ಕು ಸ್ಥಿತಿಗಳಲ್ಲಿ ಮೂರಕ್ಕೆ ಮಾತ್ರ ಉತ್ತರ ಬರೆದು ಒಂದನ್ನು ಮರೆತರೆ, ‘ಇದೊಂದು ಉಳಿಯಿತಲ್ಲ’ ಎಂದು ಯಂತ್ರ ತೋರಿಸಿಕೊಡಬಲ್ಲದು. ಟೈಪು ಕೇಳುವುದು ‘ನೀನು ಎಷ್ಟು ಬಗೆಯಲ್ಲಿ ಇರಬಲ್ಲೆ?’ ಎಂದು, ಮತ್ತು ಆ ಪಟ್ಟಿಯನ್ನು ಮೊದಲೇ ಮುಚ್ಚಿ ಮೊಹರು ಮಾಡುತ್ತದೆ.

ಹಾಗಾದರೆ ಎರಡೂ ಒಂದೆಯೇ? ಮೊಮ್ಮಗಳಿಗೆ ನಾನು ಮೊದಲು ಕೊಟ್ಟದ್ದು ಒಂದು ಪುಟ್ಟ ನಿಘಂಟು. ಹಲವು ಸಂಗತಿಗಳನ್ನು ಒಟ್ಟಿಗೆ ಕಟ್ಟಿಡುವ ‘ಮತ್ತು’ ಟೈಪಿಗೆ, ಒಳಗೆ ಹಲವು ಅಂಕಣಗಳಿರುವ ಸಾದಾ ಕ್ಲಾಸು ಸಮಾನ. ‘ಅಥವಾ’ ಟೈಪಿಗೆ ಒಂದು ಇಂಟರ್‌ಫೇಸು ಮತ್ತು ಅದರ ಕೆಳಗೆ ಒಂದೊಂದು ಸ್ಥಿತಿಗೂ ಒಂದೊಂದು ಕ್ಲಾಸು ಸಮಾನ. ಒಂದು ಫಲನಕ್ಕೆ, ಒಂದೇ ಒಂದು ಕೆಲಸ ಬಲ್ಲ ಆಬ್ಜೆಕ್ಟು ಸಮಾನ. ಹ್ಯಾಸ್ಕೆಲ್‌ನಲ್ಲಿಯೂ ಕ್ಲಾಸ್ ಎಂಬ ಹೆಸರಿನ ವಸ್ತುವೊಂದಿದ್ದು ಹೊಸಬರನ್ನು ದಾರಿ ತಪ್ಪಿಸುತ್ತದೆ. ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ 1989ರಲ್ಲಿ ವಿವರಿಸಿದ ಈ ‘ಟೈಪ್ ಕ್ಲಾಸ್’ ಜಾವಾದ ಕ್ಲಾಸಿಗಲ್ಲ, ಇಂಟರ್‌ಫೇಸಿಗೆ ಹತ್ತಿರದ ಬಂಧು. ಆದರೂ ಒಂದು ಭೇದವುಂಟು. ಜಾವಾದ ಕ್ಲಾಸು ತಾನು ಯಾವ ಯಾವ ಇಂಟರ್‌ಫೇಸಿಗೆ ಬದ್ಧ ಎಂಬುದನ್ನು ತನ್ನ ಘೋಷಣೆಯಲ್ಲಿಯೇ ಬರೆದುಕೊಂಡು ಹುಟ್ಟಬೇಕು, ಜಾತಕದಲ್ಲಿ ನಕ್ಷತ್ರ ಬರೆದ ಹಾಗೆ. ಹ್ಯಾಸ್ಕೆಲ್‌ನಲ್ಲಿ ಎಂದೋ ಹುಟ್ಟಿದ ಟೈಪಿಗೆ ‘ಇದು ಈ ಕೆಲಸವನ್ನೂ ಬಲ್ಲದು’ ಎಂದು ಆಮೇಲೆ ಬೇರೊಂದು ಕಡೆ ಬರೆದು ಕೊಡಬಹುದು, ತಹಶೀಲ್ದಾರರ ಕಚೇರಿಯ ಪ್ರಮಾಣಪತ್ರದ ಹಾಗೆ.

ನಿಘಂಟು ಇಷ್ಟು ಚೆನ್ನಾಗಿ ಹೊಂದಿಕೊಂಡ ಮೇಲೆ ಜಗಳವೆಲ್ಲಿ? ಒಂದು ಕಾಗದದ ಮೇಲೆ ಚೌಕಗಳ ಕೋಷ್ಟಕ ಬರೆದುಕೊಳ್ಳಿ. ಎಡಬದಿಗೆ ಒಂದರ ಕೆಳಗೊಂದು ಬಗೆಗಳು: ಆಟೋ, ಸಣ್ಣ ಕಾರು, ದೊಡ್ಡ ಕಾರು. ಮೇಲ್ಗಡೆ ಒಂದರ ಪಕ್ಕಕ್ಕೊಂದು ಕೆಲಸಗಳು: ದರ ಕಟ್ಟು, ರಸೀತಿ ಬರೆ, ದಾರಿ ತೋರು. ಪ್ರತಿಯೊಂದು ಚೌಕದಲ್ಲಿಯೂ ಒಂದು ಉತ್ತರವಿರಬೇಕು. ಆಬ್ಜೆಕ್ಟ್ ಪಂಥದವರು ಈ ಕೋಷ್ಟಕವನ್ನು ಅಡ್ಡಲಾಗಿ ಕತ್ತರಿಸುತ್ತಾರೆ. ಆಟೋದ ಸಾಲು ಪೂರ್ತಿ ಆಟೋ ಎಂಬ ಕ್ಲಾಸಿನ ವಶ. ಫಂಕ್ಷನಲ್ ಪಂಥದವರು ಉದ್ದಕ್ಕೆ ಸೀಳುತ್ತಾರೆ. ದರ ಕಟ್ಟುವ ಕಂಬಸಾಲು ಪೂರ್ತಿ ಒಂದು ಫಲನದ ವಶ. ನಾಳೆ ಹೊಸದೊಂದು ಬಗೆಯ ವಾಹನ ಬಂದರೆ ಮೊದಲನೆಯವರಿಗೆ ಸುಖ. ಹೊಸ ಸಾಲೊಂದನ್ನು ಬರೆದು ಸೇರಿಸಿದರಾಯಿತು, ಹಳೆಯದನ್ನು ಮುಟ್ಟಬೇಕಾಗಿಲ್ಲ. ಎರಡನೆಯವರು ಆಗ ಪ್ರತಿಯೊಂದು ಫಲನವನ್ನೂ ಬಿಚ್ಚಿ ಹೊಲಿಯಬೇಕು. ನಾಳೆ ಹೊಸದೊಂದು ಕೆಲಸ ಬಂದರೆ ಪಾತ್ರಗಳು ಅದಲುಬದಲಾಗುತ್ತವೆ. ಎಂದರೆ ಎರಡು ಪಂಥದವರ ಕೈಯಲ್ಲಿಯೂ ಇರುವುದು ಒಂದೇ ಬಟ್ಟೆ. ಕತ್ತರಿ ಹಾಕುವ ದಿಕ್ಕು ಬೇರೆ.

ವಿದ್ವಾಂಸರು ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಜಾನ್ ರೆನಾಲ್ಡ್ಸ್ ಎಂಬ ಅಮೆರಿಕದ ಪಂಡಿತರು ಈ ಎರಡೂ ಮಾರ್ಗಗಳು ಒಂದಕ್ಕೊಂದು ಪೂರಕ ಎಂಬುದನ್ನು 1975ರಲ್ಲಿಯೇ ಬರೆದರು. ಹಳೆಯದನ್ನು ತಿದ್ದದೆ, ಯಂತ್ರದ ಪರೀಕ್ಷೆಯನ್ನೂ ಬಿಟ್ಟುಕೊಡದೆ, ಬಗೆ ಮತ್ತು ಕೆಲಸ ಎರಡನ್ನೂ ಬೆಳೆಸುವುದು ಹೇಗೆ ಎಂಬ ಈ ತೊಡಕಿಗೆ 1998ರಲ್ಲಿ ‘ಎಕ್ಸ್‌ಪ್ರೆಷನ್ ಪ್ರಾಬ್ಲಮ್’ ಎಂಬ ಹೆಸರಿಟ್ಟವರು ಆಗಲೇ ಹೇಳಿದ ವಾಡ್ಲರ್ ಅವರು. ಆ ಮೇಲೆ ಅದಕ್ಕೆ ಹಲವಾರು ಪರಿಹಾರಗಳು ಬಂದಿವೆ. ಎಲ್ಲವೂ ತಮ್ಮ ತಮ್ಮ ಬೆಲೆಯನ್ನು ಕೇಳುತ್ತವೆ.

ಈ ತೊಡಕಿಗೆ ದೂರ ಹೋಗಬೇಕಾಗಿಲ್ಲ. ನಮ್ಮ ವ್ಯಾಕರಣದಲ್ಲಿಯೇ ಅದರ ಬಿಂಬವಿದೆ. ಶಾಲೆಯಲ್ಲಿ ನಾವು ಗಟ್ಟಿ ಮಾಡಿದ ವಿಭಕ್ತಿಗಳ ಕೋಷ್ಟಕವನ್ನು ನೆನಪು ಮಾಡಿಕೊಳ್ಳಿ. ಮರ, ಮರವನ್ನು, ಮರದಿಂದ. ಎಡಕ್ಕೆ ನಾಮಪದಗಳು, ಮೇಲೆ ವಿಭಕ್ತಿಗಳು. ಹದಿಮೂರನೆಯ ಶತಮಾನದ ಕೇಶಿರಾಜ ಬಸ್ಸನ್ನು ಕಂಡವನಲ್ಲ, ಆಟೋವನ್ನು ಕೇಳಿದವನಲ್ಲ. ಆದರೂ ಈ ಪದಗಳು ಕನ್ನಡಕ್ಕೆ ಬಂದ ದಿನವೇ ಶಿವಾಜಿನಗರದ ನಿಲ್ದಾಣದಲ್ಲಿ ಜನ ಯಾರನ್ನೂ ಕೇಳದೆ ‘ಬಸ್ಸಿಗೆ ಬಂದೆ’, ‘ಆಟೋದಲ್ಲಿ ಹೋದೆ’ ಎಂದರು. ಹೊಸ ಸಾಲನ್ನು ಸೇರಿಸುವುದು ಭಾಷೆಗೆ ಅಷ್ಟು ಸುಲಭ. ಆದರೆ ಹೊಸದೊಂದು ವಿಭಕ್ತಿಯನ್ನು ಸೇರಿಸಿ ನೋಡಿ! ಇರುವ ನಾಮಪದಗಳೆಲ್ಲ ಹೊಸ ರೂಪವೊಂದನ್ನು ಕಲಿಯಬೇಕು. ಇಡೀ ನಾಡು ಒಪ್ಪಬೇಕು. ಪದಗಳು ಬರುತ್ತಲೇ ಇರುತ್ತವೆ, ವಿಭಕ್ತಿಗಳು ಬಹುಕಾಲ ನಿಲ್ಲುತ್ತವೆ ಎಂಬ ಅನುಭವಕ್ಕೆ ತಕ್ಕಂತೆ ಭಾಷೆ ತನ್ನ ಕೋಷ್ಟಕವನ್ನು ಕತ್ತರಿಸಿಕೊಂಡಿದೆ. ನಮ್ಮ ತಂದೆಯವರ ಟೆಲಿಫೋನಿಗೂ ಇದೇ ಗತಿಯಾಯಿತು. ಹೊಸ ಹೊಸ ನಮೂನೆಯ ಫೋನುಗಳು ಬಂದಾಗ ಎಕ್ಸ್‌ಚೇಂಜು ಕದಲಲಿಲ್ಲ. ಗುಂಡಿ ಒತ್ತುವ ಫೋನು ಕೂಡ ಹಳೆಯ ಎಕ್ಸ್‌ಚೇಂಜಿಗಾಗಿ ಹಳೆಯ ರೀತಿಯ ಕಡಿತಗಳನ್ನೇ ಕಳುಹಿಸುವಂತೆ ಪುಟ್ಟ ಸ್ವಿಚ್ಚೊಂದನ್ನು ಇಟ್ಟುಕೊಂಡು ಬಂತು. ಆದರೆ ನಕ್ಷತ್ರದ ಗುಂಡಿಯನ್ನು ಒತ್ತಿ ಪಡೆಯುವ ಹೊಸ ಸೇವೆಗಳು ಬಂದಾಗ, ಮನೆಮನೆಯ ಕಪ್ಪು ಫೋನುಗಳು ಒಮ್ಮೆಗೇ ಮೂಕವಾದವು.

ಈಗ ನನ್ನ ತಪ್ಪಿನ ಕಥೆ. 1990ರ ದಶಕದ ಆರಂಭದಲ್ಲಿ ದಂಡು ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದ ಒಂದು ಕಚೇರಿಗೆ ನಾನು ಪಿಂಚಣಿಯ ಲೆಕ್ಕದ ಪ್ರೋಗ್ರಾಮನ್ನು ಬರೆದುಕೊಟ್ಟೆ. ಭಾಷೆ ಕೋಬಾಲ್. ಅಲ್ಲಿ ನಾನು ಇಷ್ಟು ಹೊತ್ತು ಹೇಳಿದ ಟೈಪೂ ಇಲ್ಲ, ಕ್ಲಾಸೂ ಇಲ್ಲ. ಪಿಂಚಣಿದಾರರಲ್ಲಿ ಮೂರು ವರ್ಗಗಳಿದ್ದವು; ಪ್ರತಿಯೊಂದು ಲೆಕ್ಕದಲ್ಲಿಯೂ ‘ಮೊದಲನೆಯ ವರ್ಗವಾದರೆ ಹೀಗೆ, ಎರಡನೆಯದಾದರೆ ಹಾಗೆ, ಮೂರನೆಯದಾದರೆ ಇನ್ನೊಂದು ರೀತಿ, ಇಲ್ಲವಾದರೆ ಸೊನ್ನೆ’ ಎಂದು ಬರೆದಿದ್ದೆ. ಮೂರೇ ವರ್ಗಗಳಿರುವಾಗ ಆ ‘ಇಲ್ಲವಾದರೆ’ ಎಂಬ ಮಾತಿಗೆ ಕೆಲಸವೇ ಇರಲಿಲ್ಲ. ಬಾಗಿಲಿಲ್ಲದ ಕೋಣೆಗೆ ಬೀಗ ಹಾಕಿದ ಹಾಗೆ, ಅಂದಕ್ಕೆಂದು ಬರೆದ ಮಾತು ಅದು.

ಎರಡು ವರ್ಷಗಳ ಮೇಲೆ ನಾಲ್ಕನೆಯ ವರ್ಗ ಬಂತು: ತೀರಿಕೊಂಡ ನೌಕರರ ಕುಟುಂಬದವರು. ಎಂದರೆ ಬಹುಪಾಲು ವಿಧವೆಯರು. ಪ್ರೋಗ್ರಾಮಿನಲ್ಲಿ ವರ್ಗದ ಪ್ರಸ್ತಾಪ ಬರುವ ಜಾಗಗಳನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿಸಿ, ಕೆಂಪು ಪೆನ್ನು ಹಿಡಿದು ಒಂದೊಂದಾಗಿ ತಿದ್ದಿದೆ. ಹತ್ತು ಜಾಗಗಳಲ್ಲಿ ಒಂಬತ್ತು ಸಿಕ್ಕಿದವು. ಹತ್ತನೆಯದು ತುಟ್ಟಿಭತ್ಯೆಯ ಹಿಂಬಾಕಿಯ ಲೆಕ್ಕ. ವರ್ಷಕ್ಕೊಮ್ಮೆ ಇಮ್ಮೆ ಮಾತ್ರ ಓಡುವಂಥದು. ಅದು ಬೇರೆ ಕಡತದಲ್ಲಿದ್ದುದರಿಂದ ನನ್ನ ಕಣ್ಣಿಗೆ ಬೀಳಲಿಲ್ಲ. ಅದು ಓಡಿದ ದಿನ ಯಂತ್ರ ಯಾವ ತಕರಾರನ್ನೂ ಎತ್ತಲಿಲ್ಲ. ಆ ಹೆಣ್ಣುಮಕ್ಕಳೆಲ್ಲ ‘ಇಲ್ಲವಾದರೆ’ ಎಂಬ ಬಾಗಿಲಿನಿಂದ ಒಳಗೆ ಬಂದರು. ಅವರ ಹೆಸರಿನ ಮುಂದೆ ಸೊನ್ನೆ ಅಚ್ಚಾಯಿತು.

ಇದು ಮೂರು ತಿಂಗಳು ಯಾರಿಗೂ ತಿಳಿಯಲಿಲ್ಲ. ಒಂದು ದಿನ ಬೇರೆ ಕೆಲಸದ ಮೇಲೆ ನಾನು ಆ ಕಚೇರಿಗೆ ಹೋಗಿದ್ದಾಗ, ಕಿಟಕಿಯ ಬಳಿ ವಯಸ್ಸಾದ ಒಬ್ಬಾಕೆ ಪಾಸ್‌ಪುಸ್ತಕ ಹಿಡಿದು ನಿಂತಿದ್ದರು. “ಪಟ್ಟಿಯಲ್ಲಿ ನನ್ನ ಹೆಸರದೆ ಸ್ವಾಮಿ, ದುಡ್ಡು ಮಾತ್ರ ಇಲ್ಲ” ಎನ್ನುತ್ತಿದ್ದರು. ಒಳಗಿನವರು, “ಕಂಪ್ಯೂಟರು ಸೊನ್ನೆ ಅಂತ ಕೊಟ್ಟಿದೆಯಮ್ಮ, ಅದು ತಪ್ಪು ಮಾಡೋದಿಲ್ಲ” ಎಂದರು. ಇದೇ ಮಾತನ್ನು ಕೇಳಿಕೊಂಡು ಹೋಗುವುದಕ್ಕೆ ಆಕೆ ಬಂದದ್ದು ಅದು ನಾಲ್ಕನೆಯ ಸಲವಂತೆ. ನಾನು ಪಟ್ಟಿಯನ್ನು ತರಿಸಿ ನೋಡಿದೆ. ಒಂದು ಪುಟದ ತುಂಬ ಹೆಂಗಸರ ಹೆಸರುಗಳು. ಎಲ್ಲದರ ಮುಂದೆ ಸೊನ್ನೆ. ಆ ರಾತ್ರಿಯೇ ಕುಳಿತು ತಿದ್ದಿದೆ. ಮುಂದಿನ ತಿಂಗಳು ಅವರ ಬಾಕಿ ಸಂದಾಯವಾಯಿತು. ಆಕೆಗೆ ತಪ್ಪು ನನ್ನದೆಂದು ಹೇಳಬೇಕೆಂದಿದ್ದೆ. ಆಕೆ ಮತ್ತೆ ಕಿಟಕಿಗೆ ಬರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ. ನಾನೂ ಹುಡುಕಿಕೊಂಡು ಹೋಗಲಿಲ್ಲ.

ಬಹಳ ಕಾಲದ ಮೇಲೆ ಈ ಎರಡು ಪಂಥಗಳನ್ನು ಓದಿಕೊಂಡಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಆ ಪುಟ. ನಾನು ಪಿಂಚಣಿದಾರರ ವರ್ಗವನ್ನು ‘ಅಥವಾ’ ಟೈಪಾಗಿ ಬರೆದಿದ್ದರೆ ಏನಾಗುತ್ತಿತ್ತು? ನಾಲ್ಕನೆಯ ಹೆಸರನ್ನು ಸೇರಿಸಿದೊಡನೆ ಯಂತ್ರ ಹತ್ತೂ ಜಾಗಗಳ ಪಟ್ಟಿ ಕೊಟ್ಟು, ‘ಇಲ್ಲಿ, ಇಲ್ಲಿ, ಇಲ್ಲಿ ಇವರಿಗೆ ಉತ್ತರವಿಲ್ಲ’ ಎನ್ನುತ್ತಿತ್ತು. ಕ್ಲಾಸಾಗಿ ಬರೆದಿದ್ದರೆ? ಹಿಂಬಾಕಿಯ ಲೆಕ್ಕ ಬಲ್ಲವರು ಮಾತ್ರ ಪಿಂಚಣಿದಾರರು ಎಂದು ಇಂಟರ್‌ಫೇಸಿನಲ್ಲಿ ವಿಧಿಸಿದ್ದರೆ, ಆ ಲೆಕ್ಕವನ್ನು ಬರೆಯದ ಹೊಸ ಕ್ಲಾಸನ್ನು ಯಂತ್ರ ಒಳಕ್ಕೇ ಬಿಡುತ್ತಿರಲಿಲ್ಲ. ದಾರಿ ಬೇರೆ, ಕೊಟ್ಟ ಮಾತು ಒಂದೇ. ಕೋಷ್ಟಕದ ಒಂದು ಚೌಕವೂ ಖಾಲಿ ಉಳಿಯಬಾರದು ಎಂಬುದು ಆ ಮಾತು.

ಆದರೆ ಎರಡು ಪಂಥಗಳಲ್ಲಿಯೂ ಆ ಮಾತನ್ನು ಮುರಿಯುವ ಕಿಂಡಿಯೊಂದಿದೆ. ಹ್ಯಾಸ್ಕೆಲ್‌ನಲ್ಲಿ ಪ್ರತಿಯೊಂದು ಸ್ಥಿತಿಯನ್ನೂ ಬರೆಯುವ ಬದಲು ಒಂದು ಅಡಿಗೆರೆ ಎಳೆದು ‘ಉಳಿದವರಿಗೆಲ್ಲ ಹೀಗೆ’ ಎನ್ನಬಹುದು. ಎಂದೊಡನೆ ಯಂತ್ರದ ಎಚ್ಚರಿಕೆ ನಿದ್ರೆಗೆ ಜಾರುತ್ತದೆ. ಆ ಎಚ್ಚರಿಕೆಯನ್ನಾದರೂ ನಾವೇ ಕೇಳಿ ಪಡೆದಿರಬೇಕು. ಆಬ್ಜೆಕ್ಟ್ ಪಂಥದಲ್ಲಿ ತಂದೆ ಕ್ಲಾಸಿನಲ್ಲಿ ‘ಸೊನ್ನೆ’ ಎಂದು ಒಂದು ಸಿದ್ಧ ಉತ್ತರ ಬರೆದಿಟ್ಟರೆ, ಮಕ್ಕಳು ಕ್ಲಾಸುಗಳು ಅದನ್ನು ಸದ್ದಿಲ್ಲದೆ ಪಿತ್ರಾರ್ಜಿತವಾಗಿ ಪಡೆಯುತ್ತವೆ. ಎರಡೂ ಕಡೆ ಅದು ಸೌಕರ್ಯವೆಂದು ಕಾಣುತ್ತದೆ. ಬರೆಯುವವನಿಗೆ ನಾಲ್ಕು ಸಾಲು ಉಳಿಯುತ್ತದೆ ನಿಜ. ಅದರ ಬೆಲೆಯನ್ನು ಮುಂದೆ ಎಂದೋ ಬರುವ, ಅವನು ಕಂಡು ಕೇಳದ ಯಾರೋ ತೆರುತ್ತಾರೆ. ‘ಉಳಿದವರು’ ಎಂಬ ಪದವನ್ನು ಬರೆಯುವಾಗಲೆಲ್ಲ, ಅವರು ಯಾರು ಎಂದು ಒಂದು ಕ್ಷಣ ಕೇಳಿಕೊಳ್ಳಬೇಕು ಎಂಬುದಷ್ಟೇ ನಾನು ಕಲಿತ ಪಾಠ.

ಈಚಿನ ವರ್ಷಗಳಲ್ಲಿ ಎರಡು ಮನೆತನಗಳೂ ಬೀಗರಾಗುತ್ತಿವೆ. 1995ರಲ್ಲಿ ಬಂದ ಜಾವಾ ಭಾಷೆ 2014ರಲ್ಲಿ ಹೆಸರಿಲ್ಲದ ಫಲನಗಳನ್ನು ಮನೆಗೆ ಕರೆದುಕೊಂಡಿತು. 2021ರಲ್ಲಿ ‘ನನ್ನ ಕೆಳಗೆ ಇಷ್ಟೇ ಕ್ಲಾಸುಗಳು, ಬೇರೆಯವರಿಗೆ ಪ್ರವೇಶವಿಲ್ಲ’ ಎಂದು ಮೊಹರು ಹಾಕುವ ಸೌಲಭ್ಯವನ್ನೂ, 2023ರಲ್ಲಿ ಆ ಮೊಹರಾದ ಪಟ್ಟಿಯಲ್ಲಿ ಯಾರನ್ನಾದರೂ ಮರೆತರೆ ಪ್ರೋಗ್ರಾಮನ್ನೇ ನಿರಾಕರಿಸುವ ಪರೀಕ್ಷೆಯನ್ನೂ ಪಡೆಯಿತು. ಎಡಿನ್‌ಬರೋದ ಸೊಸೆ ಓಸ್ಲೋದ ಮನೆ ತುಂಬಿದ ಹಾಗಾಯಿತು.

ನಮ್ಮನ್ನು ಹೊತ್ತ ಆಟೋದ ಹಿಂದೆಯೂ ಎರಡೂ ಇವೆ. ‘ನಮ್ಮ ಯಾತ್ರಿ’ ಬೆಕ್ನ್ ಎಂಬ ತೆರೆದ ಒಡಂಬಡಿಕೆಯನ್ನು ಅನುಸರಿಸುತ್ತದೆ. ಪ್ರಯಾಣಿಕನ ಕಡೆಯ ವ್ಯವಸ್ಥೆ ಮತ್ತು ಚಾಲಕನ ಕಡೆಯ ವ್ಯವಸ್ಥೆ ಪರಸ್ಪರ ಹುಡುಕು, ಆರಿಸು, ಖಚಿತಪಡಿಸು, ರದ್ದುಮಾಡು ಮುಂತಾದ ಗೊತ್ತಾದ ಸಂದೇಶಗಳ ಮೂಲಕ ಮಾತಾಡಬೇಕೆಂಬುದು ಆ ಒಡಂಬಡಿಕೆ. ಆಚೆಯವರ ಪ್ರೋಗ್ರಾಮು ಯಾವ ಭಾಷೆಯದು, ಒಳಗೆ ಏನಿದೆ ಎಂಬುದು ಈಚೆಯವರಿಗೆ ಬೇಡ. ನಮ್ಮ ತಂದೆಯವರ ಎಕ್ಸ್‌ಚೇಂಜಿನ ನೀತಿಯೇ ಇದು. ಯಾರು ಬರುತ್ತಾರೋ ತಿಳಿಯದ ಹೆಬ್ಬಾಗಿಲಿನಲ್ಲಿ ಇಂಟರ್‌ಫೇಸು. ಇರುವವರೆಲ್ಲ ಗೊತ್ತಿರುವ ಒಳಮನೆಯಲ್ಲಿ ಟೈಪು. ಯಾವುದು ಮೇಲು ಎಂದು ಕೇಳುವುದಕ್ಕಿಂತ, ಬದಲಾವಣೆ ಯಾವ ಬಾಗಿಲಿನಿಂದ ಬಂದೀತು ಎಂದು ಕೇಳುವುದು ಲೇಸು.

ಇಷ್ಟು ಹೇಳುವಷ್ಟರಲ್ಲಿ ಆಟೋ ಟಿನ್ ಫ್ಯಾಕ್ಟರಿಯ ದಟ್ಟಣೆಯನ್ನು ದಾಟಿ ಕೃಷ್ಣರಾಜಪುರವನ್ನು ಮುಟ್ಟಿತ್ತು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾತ, ನಿನ್ನೆ ನಾನು ಬರೆದದ್ದರಲ್ಲಿ ಎರಡು ಕಡೆ ಆ ಅಡಿಗೆರೆ ಹಾಕಿದ್ದೇನೆ. ನಾಳೆ ಹೋಗಿ ತೆಗೀತೀನಿ” ಎಂದಳು. ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸರಿಯಾಗಿತ್ತೋ ಇಲ್ಲವೋ ಹೇಳಲಾರೆ. ಇಳಿದು ಚಾಲಕನಿಗೆ ಹಣ ಕೊಟ್ಟೆವು. ಫೋನಿನಲ್ಲಿ ನಮ್ಮ ಸವಾರಿ ‘ಮುಗಿದದ್ದು’ ಎಂಬ ಸ್ಥಿತಿಗೆ ಬಂದದ್ದನ್ನು ಅವಳು ನನಗೆ ತೋರಿಸಿದಳು.